ವಿಮರ್ಶಕನೂ ನಾಟಕದ ಪಾತ್ರಗಳೂ

ನಾಟಕ ಮುಗಿಯುತ್ತದೆ, ತೆರೆ ಬೀಳುತ್ತದೆ. ಪ್ರೇಕ್ಷಕರು ಎದ್ದು ಮನೆಯ ದಾರಿ ಹಿಡಿಯುತ್ತಾರೆ. ಬಣ್ಣ ಅಳಿಸಿಕೊಂಡ ನಟರೂ ತಮ್ಮ ತಮ್ಮ ಮನೆಗಳಿಗೆ ಹೊರಡುತ್ತಾರೆ. ಆದರೆ ರಂಗದ ಮೇಲೆ ಕಾಣಿಸಿಕೊಂಡ ಪಾತ್ರಗಳು ಅಲ್ಲಿಯೇ ಉಳಿಯುವುದಿಲ್ಲ. ಅವು ನೋಡಿದವರ ಮನಸ್ಸನ್ನು ಹೊಕ್ಕು, ಅವರ ಜೊತೆಯಲ್ಲಿಯೇ ನಡೆದುಬರುತ್ತವೆ. ದಾರಿಯುದ್ದಕ್ಕೂ ಅವುಗಳದೇ ಮಾತು. ‘ಅವನು ಹಾಗೇಕೆ ಮಾಡಿದ? ಅವಳು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ತಪ್ಪು ಯಾರದು?’ ಸಾಹಿತ್ಯ ವಿಮರ್ಶೆ ಎಂಬ ದೊಡ್ಡ ಹೆಸರಿನ ಶಾಸ್ತ್ರವು ಹುಟ್ಟುವುದು ಇಂತಹ ಸಣ್ಣ ಪ್ರಶ್ನೆಗಳಿಂದಲೇ. ಬಯಲಾಟವನ್ನು ನೋಡಿ ಬೆಳಗಿನ ಜಾವ ಮನೆಗೆ ಮರಳುವ ರೈತನು ಕೇಳುವ ಪ್ರಶ್ನೆಯನ್ನೇ ವಿದ್ವಾಂಸನೂ ಕೇಳುತ್ತಾನೆ. ಆದರೆ ವಿದ್ವಾಂಸನು ಉತ್ತರಕ್ಕಾಗಿ ನಾಟಕದ ಪ್ರತಿಯೊಂದು ಮಾತನ್ನೂ ಮತ್ತೆ ಮತ್ತೆ ತಿರುವಿ ನೋಡುತ್ತಾನೆ. ತನ್ನ ಉತ್ತರಕ್ಕೆ ಆಧಾರವನ್ನು ಒದಗಿಸುತ್ತಾನೆ. ವ್ಯತ್ಯಾಸವಿರುವುದು ಇಷ್ಟರಲ್ಲಿಯೇ.

ಹೀಗೆ ತಾಳ್ಮೆಯಿಂದ ಪಾತ್ರಗಳನ್ನು ವಿಚಾರಿಸಿದವರಲ್ಲಿ ಇಂಗ್ಲೆಂಡಿನ ಎ. ಸಿ. ಬ್ರಾಡ್ಲೆಯವರದು ಬಹು ದೊಡ್ಡ ಹೆಸರು. ಅವರು ಹುಟ್ಟಿದ್ದು 1851ರಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ, ಮೊದಲು ತತ್ತ್ವಶಾಸ್ತ್ರದಲ್ಲಿ ಮನಸ್ಸನ್ನು ಪಳಗಿಸಿಕೊಂಡು, ಆಮೇಲೆ ಲಿವರ್‌ಪೂಲ್ ಮತ್ತು ಗ್ಲಾಸ್ಗೊ ನಗರಗಳಲ್ಲಿ ಸಾಹಿತ್ಯದ ಅಧ್ಯಾಪಕರಾಗಿ ದುಡಿದರು. 1901ರಿಂದ 1906ರವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾವ್ಯದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸಗಳನ್ನು ತಿದ್ದಿ, 1904ರಲ್ಲಿ ‘ಷೇಕ್ಸ್‌ಪಿಯರನ ರುದ್ರನಾಟಕಗಳು’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದನ್ನು ಅವರು ಅರ್ಪಿಸಿದ್ದು ಯಾವ ಪ್ರಭುವಿಗೂ ಅಲ್ಲ, ತಮ್ಮ ವಿದ್ಯಾರ್ಥಿಗಳಿಗೆ. ಹ್ಯಾಮ್ಲೆಟ್, ಒಥೆಲೊ, ಲಿಯರ್ ದೊರೆ, ಮ್ಯಾಕ್‌ಬೆತ್ ಎಂಬ ನಾಲ್ಕು ನಾಟಕಗಳನ್ನು ಕುರಿತ ಆ ಗ್ರಂಥವು ನೂರು ವರ್ಷಗಳನ್ನು ದಾಟಿದ ಮೇಲೂ ಅಚ್ಚಾಗುತ್ತಲೇ ಇದೆ. ಅದನ್ನು ಒಪ್ಪದವರು ಕೂಡ ಅದನ್ನು ಓದದೆ ಮುಂದೆ ಹೋಗಲಾರರು.

ರುದ್ರನಾಟಕದಲ್ಲಿ ನಾಯಕನು ಏಕೆ ನಾಶವಾಗುತ್ತಾನೆ? ವಿಧಿಯ ಬರಹ ಹಾಗಿತ್ತು ಎಂದು ಹೇಳಿಬಿಡುವುದು ಸುಲಭ. ಆಕಸ್ಮಿಕವಾಗಿ ಹಾಗಾಯಿತು ಎನ್ನುವುದು ಇನ್ನೂ ಸುಲಭ. ಬ್ರಾಡ್ಲೆಯವರು ಈ ಎರಡು ಉತ್ತರಗಳಿಂದಲೂ ತೃಪ್ತರಾಗಲಿಲ್ಲ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಆಕಸ್ಮಿಕವಿಲ್ಲವೆಂದಲ್ಲ. ಡೆಸ್ಡಿಮೋನಳ ಕರವಸ್ತ್ರವು ಬೀಳಬಾರದ ಹೊತ್ತಿನಲ್ಲಿ ಕೈಜಾರಿ ಬೀಳುತ್ತದೆ. ಮ್ಯಾಕ್‌ಬೆತ್‌ನಿಗೆ ದಾರಿಯಲ್ಲಿ ಮಾಟಗಾತಿಯರು ಎದುರಾಗುತ್ತಾರೆ. ಆದರೆ ಬಿದ್ದ ಕರವಸ್ತ್ರವು ತಾನಾಗಿಯೇ ಯಾರನ್ನೂ ಕೊಲ್ಲುವುದಿಲ್ಲ. ಮಾಟಗಾತಿಯರು ದೊರೆಯನ್ನು ಕೊಲ್ಲೆಂದು ಮ್ಯಾಕ್‌ಬೆತ್‌ನಿಗೆ ಹೇಳುವುದೂ ಇಲ್ಲ. ಮನುಷ್ಯನ ಸ್ವಭಾವದಿಂದ ಒಂದು ಕಾರ್ಯ ಹುಟ್ಟುತ್ತದೆ. ಆ ಕಾರ್ಯದಿಂದ ಇನ್ನೊಂದು. ಹೀಗೆ ಕೊಂಡಿಗೆ ಕೊಂಡಿ ಸೇರಿ ಸರಪಣಿ ಬೆಳೆದು, ಕೊನೆಗೆ ಅದನ್ನು ಕಟ್ಟಿದವನನ್ನೇ ಬಿಗಿಯುತ್ತದೆ. ನಾಯಕನು ತನ್ನ ನಾಶದಲ್ಲಿ ತಾನೂ ಪಾಲುಗಾರನೆಂಬುದು ಬ್ರಾಡ್ಲೆಯವರ ಮುಖ್ಯ ಸಿದ್ಧಾಂತ.

ಅಷ್ಟೇ ಅಲ್ಲ. ಅವನನ್ನು ಕೆಡಿಸುವ ಗುಣವು ಅನೇಕ ವೇಳೆ ಅವನ ಹಿರಿಮೆಗೂ ಕಾರಣವಾದ ಗುಣವೇ ಆಗಿರುತ್ತದೆ. ಸಾಮಾನ್ಯನೊಬ್ಬನು ಆ ಸಂಕಟದಿಂದ ಹೇಗೋ ನುಸುಳಿಕೊಂಡು ಪಾರಾಗಬಹುದಾಗಿತ್ತು. ನಾಯಕನಿಗೆ ಅದು ಸಾಧ್ಯವಿಲ್ಲ. ಆದುದರಿಂದಲೇ ರುದ್ರನಾಟಕವನ್ನು ನೋಡಿದಾಗ ಬರಿಯ ಕನಿಕರ ಮೂಡುವುದಿಲ್ಲ. ಇಷ್ಟು ಬೆಲೆಯುಳ್ಳದ್ದು ಹೀಗೆ ವ್ಯರ್ಥವಾಗಿ ಹೋಯಿತಲ್ಲ ಎಂಬ ತಳಮಳವೂ ಮೂಡುತ್ತದೆ. ಬ್ರಾಡ್ಲೆಯವರ ದೃಷ್ಟಿಯಲ್ಲಿ ಈ ತಳಮಳವೇ ರುದ್ರನಾಟಕದ ತಿರುಳು.

ಈ ಮಾತುಗಳು ಸಿದ್ಧಾಂತವಾಗಿಯೇ ಉಳಿದಿದ್ದರೆ ಪುಸ್ತಕವು ಇಷ್ಟು ಕಾಲ ಬಾಳುತ್ತಿರಲಿಲ್ಲ. ಅವರು ಒಂದೊಂದು ಪಾತ್ರದ ಹತ್ತಿರವೂ ಹೋಗಿ, ಹಳೆಯ ತೀರ್ಪುಗಳನ್ನು ಮತ್ತೆ ವಿಚಾರಣೆಗೆ ತಂದರು. ಹ್ಯಾಮ್ಲೆಟನ ವಿಷಯವನ್ನೇ ನೋಡಬಹುದು. ಡೆನ್ಮಾರ್ಕಿನ ಯುವರಾಜನಾದ ಅವನಿಗೆ ತಂದೆಯ ಪ್ರೇತವು ಕಾಣಿಸಿಕೊಂಡು, ತನ್ನನ್ನು ಕೊಂದವನು ತಮ್ಮನಾದ ಕ್ಲಾಡಿಯಸ್ ಎಂದು ತಿಳಿಸಿ, ಸೇಡು ತೀರಿಸಿಕೊಳ್ಳುವಂತೆ ಆಜ್ಞಾಪಿಸುತ್ತದೆ. ಹ್ಯಾಮ್ಲೆಟ್ ಒಪ್ಪುತ್ತಾನೆ, ಆದರೆ ಕಾಲ ಕಳೆಯುತ್ತಾನೆ. ಏಕೆ? ಜರ್ಮನಿಯ ಮಹಾಕವಿ ಗಯಟೆಯು 1795-96ರಲ್ಲಿ ಪ್ರಕಟವಾದ ತನ್ನ ಕಾದಂಬರಿಯೊಂದರಲ್ಲಿ, ಹ್ಯಾಮ್ಲೆಟನದು ಕೋಮಲವಾದ ಮನಸ್ಸು, ಹೊರಲಾರದ ಭಾರ ಅದರ ಮೇಲೆ ಬಿತ್ತು ಎಂಬ ಉತ್ತರವನ್ನು ಸೂಚಿಸಿದನು. ಇಂಗ್ಲಿಷ್ ಕವಿ ಕೋಲ್‌ರಿಜನು, ಅವನು ಅತಿಯಾಗಿ ಯೋಚಿಸುವವನು, ಯೋಚನೆಯಲ್ಲಿಯೇ ಅವನ ಕಾರ್ಯಶಕ್ತಿ ಕರಗಿಹೋಯಿತು ಎಂದನು. ಈ ಎರಡು ಅಭಿಪ್ರಾಯಗಳೂ ಬಹುಕಾಲ ನಿಂತವು. ಹ್ಯಾಮ್ಲೆಟ್ ಎಂದರೆ ಕೈಲಾಗದ ಕನಸುಗಾರ ಎಂಬ ಮಾತು ರೂಢಿಯಾಯಿತು.

ಬ್ರಾಡ್ಲೆಯವರು ನಾಟಕವನ್ನೇ ಸಾಕ್ಷಿಗೆ ಕರೆದರು. ಕಡಲಗಳ್ಳರ ಹಡಗು ಎದುರಾದಾಗ ಎಲ್ಲರಿಗಿಂತ ಮುಂದಾಗಿ ಅದರೊಳಕ್ಕೆ ನುಗ್ಗಿದವನು ಯಾರು? ತೆರೆಯ ಹಿಂದೆ ಸದ್ದಾದ ಕ್ಷಣದಲ್ಲಿಯೇ ಕತ್ತಿಯನ್ನು ಹಿರಿದು ಇರಿದವನು ಯಾರು? ತನ್ನ ಕೊಲೆಗೆ ಕಳುಹಿಸಿದ ಓಲೆಯನ್ನು ಬದಲಿಸಿ, ಅದನ್ನು ಒಯ್ಯುತ್ತಿದ್ದವರನ್ನೇ ಸಾವಿಗೆ ಒಪ್ಪಿಸಿದವನು ಯಾರು? ಇವೆಲ್ಲವೂ ಹ್ಯಾಮ್ಲೆಟನ ಕೆಲಸಗಳೇ. ಇಂತಹವನನ್ನು ಸ್ವಭಾವದಿಂದಲೇ ದುರ್ಬಲನೆಂದು ಹೇಳುವುದು ಹೇಗೆ? ತಂದೆ ಸತ್ತು ಒಂದು ತಿಂಗಳು ತುಂಬುವ ಮೊದಲೇ ತಾಯಿಯು ಕ್ಲಾಡಿಯಸನನ್ನು ಮದುವೆಯಾದಳು. ಅಕ್ಕರೆಯ ಮಗನಿಗೆ ಅದರಿಂದ ಬದುಕಿನ ಮೇಲೆಯೇ ಹೇಸಿಕೆ ಹುಟ್ಟಿತು. ಪ್ರೇತವು ಬಂದದ್ದು ಆಮೇಲೆ. ಮನಸ್ಸು ಕತ್ತಲೆಗೆ ಇಳಿದಿದ್ದ ಹೊತ್ತಿನಲ್ಲಿ, ಗಟ್ಟಿ ಮನಸ್ಸಿನವನೂ ಬೆದರುವ ಕೆಲಸವು ಅವನ ಪಾಲಿಗೆ ಬಂತು. ಹ್ಯಾಮ್ಲೆಟನನ್ನು ಕಟ್ಟಿಹಾಕಿದ್ದು ಅವನ ಸಹಜ ಸ್ವಭಾವವಲ್ಲ, ಆ ವಿಷಾದ ಎಂದು ಬ್ರಾಡ್ಲೆಯವರು ವಾದಿಸಿದರು. ಕೈಲಾಗದವನೆಂದು ಹಣೆಪಟ್ಟಿ ಹಚ್ಚಿಸಿಕೊಂಡವನು ಅವರ ಕೈಯಲ್ಲಿ ನೊಂದ ಮನುಷ್ಯನಾಗಿ ಕಾಣಿಸಿಕೊಂಡನು.

ಒಥೆಲೊ ನಾಟಕದಲ್ಲಿಯೂ ಹೀಗೆಯೇ. ವೆನಿಸ್ ನಗರದ ಸೇನಾಪತಿಯಾದ ಒಥೆಲೊ ತನ್ನ ಮಡದಿಯಾದ ಡೆಸ್ಡಿಮೋನಳನ್ನು ಸಂಶಯದಿಂದ ಕೊಲ್ಲುತ್ತಾನೆ. ಹಾಗೆಂದ ಮೇಲೆ ಅವನು ಸಂಶಯದ ಪ್ರಾಣಿಯೆಂದು ಯಾರಾದರೂ ಹೇಳಬಹುದು. ಬ್ರಾಡ್ಲೆಯವರು ಹೇಳಿದ್ದು ಇದಕ್ಕೆ ತೀರ ವಿರುದ್ಧವಾಗಿ: ಒಥೆಲೊ ಹುಟ್ಟಿನಿಂದ ಸಂಶಯಿಯಲ್ಲ, ನಂಬಿದರೆ ಪೂರ್ತಿಯಾಗಿ ನಂಬುವವನು. ಅವನು ಕೆಟ್ಟದ್ದು ನಂಬಿಕೆಯ ಕೊರತೆಯಿಂದಲ್ಲ. ನಂಬಬಾರದವನಲ್ಲಿ ಇಟ್ಟ ನಂಬಿಕೆಯಿಂದ. ಊರಿಗೆ ಊರೇ ಪ್ರಾಮಾಣಿಕನೆಂದು ಕರೆಯುತ್ತಿದ್ದ ಇಯಾಗೊವನ್ನು ಅವನೊಬ್ಬನೇ ನಂಬಿದ್ದರೆ ಅವನನ್ನು ಮೂರ್ಖನೆನ್ನಬಹುದಾಗಿತ್ತು. ಹ್ಯಾಮ್ಲೆಟ್ ಅವನ ಸ್ಥಾನದಲ್ಲಿದ್ದಿದ್ದರೆ ಇಯಾಗೊವಿನ ಮಾತನ್ನು ಹತ್ತು ಸಲ ತೂಗಿ ನೋಡುತ್ತಿದ್ದನು. ಒಥೆಲೊ ಹ್ಯಾಮ್ಲೆಟನ ಸ್ಥಾನದಲ್ಲಿದ್ದಿದ್ದರೆ ಕ್ಲಾಡಿಯಸನು ಮರುದಿನದ ಸೂರ್ಯನನ್ನು ಕಾಣುತ್ತಿರಲಿಲ್ಲ. ಒಬ್ಬನ ಗುಣ ಇನ್ನೊಬ್ಬನ ಸಂಕಟಕ್ಕೆ ಮದ್ದಾಗುತ್ತಿತ್ತು. ಅವರವರ ಸಂಕಟದಲ್ಲಿ ಮಾತ್ರ ಅದು ವಿಷವಾಯಿತು.

ಇಯಾಗೊವಿನ ಕೇಡಿಗತನಕ್ಕೆ ಕಾರಣವೇ ಇಲ್ಲ ಎಂಬ ಅರ್ಥ ಬರುವಂತೆ ಕೋಲ್‌ರಿಜನು ಒಂದು ಮಾತನ್ನು ಬರೆದಿದ್ದನು. ಬ್ರಾಡ್ಲೆಯವರು ಅದನ್ನು ಇದ್ದಂತೆಯೇ ಒಪ್ಪಲಿಲ್ಲ. ಇಯಾಗೊ ತಾನು ಎಲ್ಲರಿಗಿಂತ ಚತುರನೆಂದು ತಿಳಿದವನು. ಸೈನ್ಯದಲ್ಲಿ ತನಗೆ ಸಿಗಬೇಕಾಗಿದ್ದ ಸ್ಥಾನ ಕ್ಯಾಸಿಯೋವಿಗೆ ಹೋಯಿತು. ಪೆಟ್ಟು ತಿಂದ ಹೆಮ್ಮೆಯು ತನ್ನ ಬಲವನ್ನು ಮತ್ತೆ ಅನುಭವಿಸಲು ಹಾತೊರೆಯಿತು. ಬಲಶಾಲಿಗಳನ್ನು ಗೊಂಬೆಗಳಂತೆ ಕುಣಿಸುವುದರಲ್ಲಿ ಅವನಿಗೆ ಆ ಸುಖ ದೊರಕಿತು. ತನ್ನನ್ನು ಕುಣಿಸುತ್ತಿರುವುದು ಏನೆಂಬುದು ಅವನಿಗೇ ತಿಳಿಯದು. ಈ ವಿವರಣೆಯ ಜೊತೆಯಲ್ಲಿ ಬ್ರಾಡ್ಲೆಯವರು ಓದುಗರಿಗೆ ಬಹು ಉಪಯುಕ್ತವಾದ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಇಯಾಗೊ ಹೇಳುವ ಯಾವ ಮಾತನ್ನೂ, ಅವನು ತನ್ನ ವಿಷಯವಾಗಿ ಹೇಳಿಕೊಳ್ಳುವುದನ್ನು ಸಹ, ಪರೀಕ್ಷಿಸದೆ ನಂಬಬಾರದು. ಪಾತ್ರವು ಆಡಿದ ಮಾತು ಒಂದು ಸಾಕ್ಷ್ಯವೇ ಹೊರತು ತೀರ್ಪಲ್ಲ.

ಮ್ಯಾಕ್‌ಬೆತ್ ಸ್ಕಾಟ್ಲೆಂಡಿನ ವೀರ ದಂಡನಾಯಕ. ತನ್ನ ಮನೆಗೆ ಅತಿಥಿಯಾಗಿ ಬಂದ ವೃದ್ಧ ದೊರೆ ಡಂಕನ್ನನನ್ನು ನಿದ್ರೆಯಲ್ಲಿ ಕೊಂದು ಸಿಂಹಾಸನವನ್ನು ಏರುತ್ತಾನೆ. ಹೆಂಡತಿಯು ಅವನನ್ನು ಆ ಕಾರ್ಯಕ್ಕೆ ಹುರಿದುಂಬಿಸುತ್ತಾಳೆ. ಕೊಲೆಗಾರ ದಂಪತಿಗಳ ವಿಷಯದಲ್ಲಿ ವಿಚಾರಿಸುವುದಕ್ಕೆ ಏನಿದೆ ಎನ್ನಿಸಬಹುದು. ಬ್ರಾಡ್ಲೆಯವರು ಅಲ್ಲಿಯೂ ನಿಂತು ನೋಡಿದರು. ಮ್ಯಾಕ್‌ಬೆತ್‌ನಲ್ಲಿ ಕವಿಯಂತಹ ಕಲ್ಪನಾಶಕ್ತಿಯಿದೆ. ಅವನ ಅಂತರಂಗದ ಒಳ್ಳೆಯ ಭಾಗವು ಮಾತನಾಡುವುದು ಆ ಕಲ್ಪನೆಯ ಮೂಲಕ. ಕೊಲೆಗೆ ಮೊದಲು ಗಾಳಿಯಲ್ಲಿ ಕಠಾರಿ ತೂಗಿದಂತೆ ಕಾಣುವುದು, ಕೊಲೆಯಾದ ಮೇಲೆ ನಿದ್ರೆಯನ್ನೇ ಕೊಂದೆನೆಂಬ ಕೂಗು ಕೇಳಿಸುವುದು, ಇವು ಅವನ ಆತ್ಮವು ಅವನಿಗೆ ಕೊಟ್ಟ ಎಚ್ಚರಿಕೆಗಳು. ಅವನು ಅವುಗಳನ್ನು ಮೆಟ್ಟಿ ಮುಂದೆ ಹೋದನು. ಮೆಟ್ಟುತ್ತ ಮೆಟ್ಟುತ್ತ, ಕೊನೆಗೆ ಹೆಂಡತಿ ಸತ್ತ ಸುದ್ದಿ ಬಂದಾಗ ಅಳುವ ಶಕ್ತಿಯೂ ಅವನಲ್ಲಿ ಉಳಿಯಲಿಲ್ಲ.

ಹೆಂಡತಿಯ ಕತೆ ಬೇರೆ. ಮಲಗಿದ್ದ ದೊರೆಯು ತನ್ನ ತಂದೆಯಂತೆ ಕಾಣದಿದ್ದರೆ ತಾನೇ ಆ ಕೆಲಸವನ್ನು ಮಾಡಿಬಿಡುತ್ತಿದ್ದೆನೆಂದು ಅವಳು ಹೇಳುತ್ತಾಳೆ. ಮರುದಿನ ಕೊಲೆ ಬಯಲಾದಾಗ ಅವಳು ಮೂರ್ಛೆ ಹೋಗುತ್ತಾಳೆ. ಅದು ನಿಜವಾದ ಮೂರ್ಛೆಯೋ, ನೋಡುವವರ ಗಮನವನ್ನು ಗಂಡನಿಂದ ಬೇರೆಡೆಗೆ ಸೆಳೆಯಲು ಹೂಡಿದ ನಟನೆಯೋ? ಬ್ರಾಡ್ಲೆಯವರು ಪುಸ್ತಕದ ಕೊನೆಯ ಟಿಪ್ಪಣಿಯೊಂದರಲ್ಲಿ ಇದನ್ನು ಚರ್ಚಿಸಿ, ಮೂರ್ಛೆ ನಿಜವಾದದ್ದಿರಬೇಕೆಂಬ ಕಡೆಗೆ ಒಲಿದರು. ಉಕ್ಕಿನಂತೆ ಕಂಡ ಹೆಂಗಸು ಒಳಗೆ ಬಿರುಕು ಬಿಡುತ್ತಿದ್ದಳು. ಮುಂದೆ ನಿದ್ರೆಯಲ್ಲಿ ನಡೆಯುತ್ತ, ಇಲ್ಲದ ರಕ್ತದ ಕಲೆಯನ್ನು ಕೈಯಿಂದ ಉಜ್ಜುವವಳೂ ಅವಳೇ. ಮೊದಲ ಅಂಕದ ಲೇಡಿ ಮ್ಯಾಕ್‌ಬೆತ್‌ಳಿಗೂ ಕೊನೆಯ ಅಂಕದ ಲೇಡಿ ಮ್ಯಾಕ್‌ಬೆತ್‌ಳಿಗೂ ನಡುವೆ ಸೇತುವೆಯಾಗಿ ಅವರು ಆ ಮೂರ್ಛೆಯನ್ನು ಕಂಡರು.

ಲಿಯರ್ ದೊರೆಯ ನಾಟಕದ ಕೊನೆಯನ್ನು ಸಹಿಸಿಕೊಳ್ಳುವುದು ಹಿಂದಿನವರಿಗೆ ಕಷ್ಟವಾಗಿತ್ತು. ತಂದೆಯನ್ನು ನಿಜವಾಗಿ ಪ್ರೀತಿಸಿದ ಕಿರಿಯ ಮಗಳು ಕಾರ್ಡೀಲಿಯ ಸೆರೆಮನೆಯಲ್ಲಿ ಗಲ್ಲಿಗೆ ಗುರಿಯಾಗುತ್ತಾಳೆ. ಅವಳ ಶವವನ್ನು ತೋಳುಗಳಲ್ಲಿ ಹೊತ್ತು ಬರುವ ಮುದಿ ದೊರೆಯೂ ಸಾಯುತ್ತಾನೆ. 1681ರಲ್ಲಿ ನೇಹಮ್ ಟೇಟ್ ಎಂಬ ಲೇಖಕನು ನಾಟಕವನ್ನು ತಿದ್ದಿ, ಕಾರ್ಡೀಲಿಯಳನ್ನು ಬದುಕಿಸಿ, ಅವಳ ಮದುವೆಯನ್ನೂ ಗೊತ್ತುಮಾಡಿ, ಸುಖಾಂತಗೊಳಿಸಿಬಿಟ್ಟನು. ಸುಮಾರು ನೂರೈವತ್ತು ವರ್ಷಗಳ ಕಾಲ ಇಂಗ್ಲೆಂಡಿನ ರಂಗಭೂಮಿಯಲ್ಲಿ ಮೆರೆದದ್ದು ಈ ತಿದ್ದಿದ ನಾಟಕವೇ. 1838ರಲ್ಲಿ ಮ್ಯಾಕ್‌ರೆಡಿ ಎಂಬ ನಟನು ಮೂಲವನ್ನು ಬಹುಮಟ್ಟಿಗೆ ಮರಳಿ ರಂಗಕ್ಕೆ ತಂದನು. ದೊಡ್ಡ ವಿದ್ವಾಂಸನಾದ ಡಾಕ್ಟರ್ ಜಾನ್ಸನ್ ಕೂಡ, ಕಾರ್ಡೀಲಿಯಳ ಸಾವಿನಿಂದ ತನಗಾದ ನೋವು ಎಷ್ಟೆಂದರೆ ಸಂಪಾದಕನಾಗಿ ತಿದ್ದಬೇಕಾಗಿ ಬರುವವರೆಗೂ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದುವ ಧೈರ್ಯ ಬರಲಿಲ್ಲವೆಂದು ಒಪ್ಪಿಕೊಂಡಿದ್ದನು.

ಬ್ರಾಡ್ಲೆಯವರು ಈ ಕೊನೆಗೆ ಹೊಸ ಅರ್ಥವನ್ನು ಕಂಡರು. ಸಾಯುವ ಕ್ಷಣದಲ್ಲಿ ಲಿಯರ್ ಮಗಳ ತುಟಿಗಳನ್ನು ನೋಡೆಂದು ಸುತ್ತಲಿನವರಿಗೆ ತೋರಿಸುತ್ತಾನೆ. ತುಟಿ ಅಲುಗಿತು, ಮಗಳು ಬದುಕಿದ್ದಾಳೆ ಎಂದು ಅವನು ತಿಳಿದನು. ಅವನ ಎದೆಯೊಡೆದದ್ದು ದುಃಖದಿಂದಲ್ಲ, ತಾಳಲಾರದ ಸಂತೋಷದಿಂದ ಎಂದು ಅವರು ಹೇಳಿದರು. ಈ ವ್ಯಾಖ್ಯಾನವು ಅನೇಕರ ಮನಸ್ಸನ್ನು ಗೆದ್ದಿತು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಾಟಕದ 1608ರ ಮುದ್ರಣದಲ್ಲಿ ಆ ತುಟಿಗಳ ಮಾತು ಇಲ್ಲ. 1623ರ ಮುದ್ರಣದಲ್ಲಿ ಮಾತ್ರ ಇದೆ. ಯಾವ ಪ್ರತಿಯನ್ನು ಕೈಗೆ ತೆಗೆದುಕೊಂಡರೆ ಯಾವ ಲಿಯರ್ ದೊರಕುತ್ತಾನೆ ಎಂಬುದನ್ನು ವಿದ್ವಾಂಸರು ಇಂದಿಗೂ ವಿಚಾರಿಸುತ್ತಲೇ ಇದ್ದಾರೆ. ಒಂದು ಸಾಲಿನ ಮೇಲೆ ಒಬ್ಬ ದೊರೆಯ ಸಾವಿನ ಅರ್ಥವೇ ನಿಂತಿರುವಾಗ, ಓದುವವನು ಎಷ್ಟು ಎಚ್ಚರದಿಂದ ಓದಬೇಕೆಂಬುದು ಇದರಿಂದ ತಿಳಿಯುತ್ತದೆ.

ಬ್ರಾಡ್ಲೆಯವರ ಕೀರ್ತಿ ಎಷ್ಟು ಬೆಳೆಯಿತೆಂದರೆ, 1920ರ ದಶಕದಲ್ಲಿ ಅದನ್ನು ಕುರಿತು ಹಾಸ್ಯ ಪದ್ಯವೊಂದು ಹುಟ್ಟಿತು. ಷೇಕ್ಸ್‌ಪಿಯರನ ಪ್ರೇತವು ಸರ್ಕಾರಿ ನೌಕರಿಯ ಪರೀಕ್ಷೆಗೆ ಕುಳಿತಿತಂತೆ. ಆ ವರ್ಷ ಲಿಯರ್ ನಾಟಕದ ಮೇಲೆಯೇ ಪ್ರಶ್ನೆಗಳು ಬಂದಿದ್ದವಂತೆ. ಪಾಪ, ಷೇಕ್ಸ್‌ಪಿಯರ್ ಬಹಳ ಕೆಟ್ಟದಾಗಿ ಉತ್ತರಿಸಿದನಂತೆ. ಏಕೆಂದರೆ ಅವನು ಬ್ರಾಡ್ಲೆಯನ್ನು ಓದಿರಲಿಲ್ಲ! ಈ ಹಾಸ್ಯದ ಮೊನೆ ಬ್ರಾಡ್ಲೆಯವರಿಗಿಂತ ಹೆಚ್ಚಾಗಿ ನಾಟಕವನ್ನು ಬಿಟ್ಟು ವಿಮರ್ಶೆಯನ್ನು ಬಾಯಿಪಾಠ ಮಾಡುವವರಿಗೆ ತಾಗುತ್ತದೆ. ಹ್ಯಾಮ್ಲೆಟನು ವಿಷಾದದಿಂದ ತಡಮಾಡಿದನು ಎಂದು ಬರೆದು ಅಂಕಗಳನ್ನು ಪಡೆಯುವ ವಿದ್ಯಾರ್ಥಿಯು ಹ್ಯಾಮ್ಲೆಟನ ಒಂದು ಮಾತನ್ನೂ ಕೇಳಿಲ್ಲದಿದ್ದರೆ, ಅವನಿಗೆ ದೊರೆತದ್ದು ಯಾವ ವಿದ್ಯೆ? ಇನ್ನೊಬ್ಬರು ಅಗಿದು ಕೊಟ್ಟ ತುತ್ತಿನಲ್ಲಿ ರುಚಿಯೂ ಇಲ್ಲ, ಪುಷ್ಟಿಯೂ ಇಲ್ಲ.

ಹಾಸ್ಯದ ಹಿಂದೆಯೇ ಗಂಭೀರವಾದ ಆಕ್ಷೇಪವೂ ಬಂದಿತು. 1933ರಲ್ಲಿ ಎಲ್. ಸಿ. ನೈಟ್ಸ್ ಎಂಬ ತರುಣ ವಿಮರ್ಶಕರು ಒಂದು ಪ್ರಬಂಧವನ್ನು ಪ್ರಕಟಿಸಿ, ಲೇಡಿ ಮ್ಯಾಕ್‌ಬೆತ್‌ಳಿಗೆ ಎಷ್ಟು ಮಕ್ಕಳಿದ್ದರು ಎಂಬ ಪ್ರಶ್ನೆಯನ್ನೇ ಅದಕ್ಕೆ ಹೆಸರಾಗಿ ಇಟ್ಟರು. ತಾನು ಮಗುವಿಗೆ ಹಾಲೂಡಿದ್ದೇನೆಂದು ಅವಳು ನಾಟಕದಲ್ಲಿ ಹೇಳುತ್ತಾಳೆ; ಮಗು ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಇಂತಹ ಪ್ರಶ್ನೆಗಳನ್ನು ಬೆನ್ನಟ್ಟಿ ಹೋಗುವುದು ಹುಚ್ಚು ಎಂಬುದೇ ಆ ಹೆಸರಿನ ವ್ಯಂಗ್ಯ. ನಾಟಕದ ಪಾತ್ರವು ರಕ್ತಮಾಂಸಗಳಿಂದ ಆದದ್ದಲ್ಲ, ಶಬ್ದಗಳಿಂದ ಆದದ್ದು; ತೆರೆ ಏಳುವ ಮೊದಲು ಅದಕ್ಕೆ ಬಾಲ್ಯವಿಲ್ಲ, ತೆರೆ ಬಿದ್ದ ಮೇಲೆ ಅದಕ್ಕೆ ಬಾಳುವೆಯಿಲ್ಲ; ನಾಟಕವನ್ನು ಒಂದು ಕಾವ್ಯವೆಂದು ತಿಳಿದು ಅದರ ಮಾತು, ಪ್ರತಿಮೆ, ಲಯಗಳನ್ನು ಗಮನಿಸಬೇಕು ಎಂಬುದು ಅವರ ವಾದ. 1937ರಲ್ಲಿ ಎಫ್. ಆರ್. ಲೀವಿಸ್ ಅವರು ಒಥೆಲೊವಿನ ವಿಷಯದಲ್ಲಿ ಇನ್ನೂ ತೀಕ್ಷ್ಣವಾಗಿ ಬರೆದರು. ಒಥೆಲೊ ತನ್ನನ್ನು ತಾನು ಹೇಗೆ ಬಣ್ಣಿಸಿಕೊಂಡನೋ ಬ್ರಾಡ್ಲೆಯವರು ಅದನ್ನೇ ಸತ್ಯವೆಂದು ನಂಬಿದರು. ಅವನ ಆತ್ಮಾಭಿಮಾನವೂ ಆತುರವೂ ಅವರ ಕಣ್ಣಿಗೆ ಬೀಳಲಿಲ್ಲ ಎಂದು ಲೀವಿಸ್ ದೂರಿದರು.

ಈ ಆಕ್ಷೇಪಗಳಲ್ಲಿ ಸತ್ಯವಿದೆ. ಹ್ಯಾಮ್ಲೆಟನ ತಂದೆ ಸತ್ತ ಸಮಯದಲ್ಲಿ ಹ್ಯಾಮ್ಲೆಟ್ ಎಲ್ಲಿದ್ದನು ಎಂಬುದನ್ನು ಸಹ ಬ್ರಾಡ್ಲೆಯವರು ಒಂದು ಟಿಪ್ಪಣಿಯಲ್ಲಿ ವಿಚಾರಿಸಿದ್ದಾರೆ. ಕವಿಯು ಹೇಳದೆ ಬಿಟ್ಟದ್ದನ್ನು ತುಂಬಲು ಹೊರಟಾಗ ವಿಮರ್ಶಕನು ತಾನೇ ಕವಿಯಾಗಿಬಿಡುವ ಅಪಾಯವಿದೆ. ರಂಗಭೂಮಿಯನ್ನು ಕುರಿತು ಅವರಿಗಿದ್ದ ಅಪನಂಬಿಕೆಯೂ ಅವರ ಒಂದು ಮಿತಿಯೇ. ಲಿಯರ್ ನಾಟಕವು ರಂಗಕ್ಕೆ ಒಗ್ಗದಷ್ಟು ಭವ್ಯವಾದುದೆಂದು ಅವರು ತಿಳಿದಿದ್ದರು. ಆದರೆ 1962ರಲ್ಲಿ ಪೀಟರ್ ಬ್ರೂಕ್ ಅವರು ಪಾಲ್ ಸ್ಕೊಫೀಲ್ಡ್ ಎಂಬ ನಟರಿಂದ ಆ ಪಾತ್ರವನ್ನು ಮಾಡಿಸಿ ಆಡಿಸಿದ ಪ್ರಯೋಗವು ಆ ಮಾತನ್ನು ಸುಳ್ಳು ಮಾಡಿತು. ಒಥೆಲೊವಿನ ವಿಷಯದಲ್ಲಂತೂ ಬ್ರಾಡ್ಲೆಯವರು ತಾವೇ ಹೇಳಿದ ನಿಯಮವನ್ನು ಮರೆತಂತೆ ತೋರುತ್ತದೆ. ಇಯಾಗೊ ತನ್ನ ವಿಷಯವಾಗಿ ಆಡಿದ ಮಾತನ್ನು ಪರೀಕ್ಷೆಗೆ ಒಡ್ಡಿದವರು, ಒಥೆಲೊ ತನ್ನ ವಿಷಯವಾಗಿ ಆಡಿದ ಮಾತನ್ನು ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲಿಲ್ಲ. ಒಳ್ಳೆಯವನೆಂದು ಮೆಚ್ಚಿದವನ ಮಾತನ್ನೂ ತೂಗಿ ನೋಡಬೇಕಾಗುತ್ತದೆ.

ಆದರೂ ಪಾತ್ರವಿಚಾರವನ್ನೇ ಕೈಬಿಡಬೇಕೆಂದರೆ ಅದು ಅತಿಯಾಗುತ್ತದೆ. ಮೊದಲನೆಯದಾಗಿ, ನೈಟ್ಸ್ ಅವರ ಹಾಸ್ಯದ ಪ್ರಶ್ನೆಯನ್ನು ಬ್ರಾಡ್ಲೆಯವರು ಆ ರೀತಿಯಲ್ಲಿ ಕೇಳಿರಲೇ ಇಲ್ಲ. ಮ್ಯಾಕ್‌ಬೆತ್‌ನಿಗೆ ಮಕ್ಕಳಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲವೆಂದು ಅವರು ತಮ್ಮ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಎರಡನೆಯದಾಗಿ, ಪಾತ್ರವು ಶಬ್ದಗಳಿಂದ ಆದದ್ದೆಂಬುದು ನಿಜ. ಆದರೆ ಆ ಶಬ್ದಗಳು ಮನುಷ್ಯರನ್ನು ಕುರಿತ ಶಬ್ದಗಳು. ಕಲೆಯನ್ನು ಉಜ್ಜುವ ಆ ಕೈಗಳಲ್ಲಿ ಒಬ್ಬ ಹೆಂಗಸಿನ ಸಂಕಟವನ್ನು ಕಾಣದೆ ಬರಿಯ ಪ್ರತಿಮೆಯನ್ನು ಮಾತ್ರ ಕಾಣುವವನು ನಾಟಕವನ್ನು ಅರ್ಧ ಮಾತ್ರ ಓದಿದಂತೆ. ಮೂರನೆಯದಾಗಿ, ಬ್ರಾಡ್ಲೆಯವರು ತಪ್ಪಿದ ಕಡೆಯಲ್ಲಿ ಅವರನ್ನು ತಿದ್ದಿದ್ದು ಯಾವುದು? ನಾಟಕದ ಮಾತುಗಳೇ. ಆಧಾರವನ್ನು ಕೊಟ್ಟು ವಾದಿಸಿದುದರಿಂದಲೇ ಅವರ ತಪ್ಪನ್ನು ತೋರಿಸಲು ಇತರರಿಗೆ ಸಾಧ್ಯವಾಯಿತು. ಆಧಾರವಿಲ್ಲದ ಅಭಿಪ್ರಾಯವನ್ನು ಖಂಡಿಸುವುದಕ್ಕೂ ಬರುವುದಿಲ್ಲ, ಒಪ್ಪುವುದಕ್ಕೂ ಬರುವುದಿಲ್ಲ.

ಕನ್ನಡ ನಾಡಿಗೆ ಈ ಚರ್ಚೆ ದೂರದ್ದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೇ ಮ್ಯಾಕ್‌ಬೆತ್ ನಾಟಕವು ‘ಪ್ರತಾಪರುದ್ರದೇವ’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿತ್ತು. ಕುವೆಂಪು ಅವರು ಹ್ಯಾಮ್ಲೆಟನ ಕತೆಯನ್ನು 1932ರಲ್ಲಿ ‘ರಕ್ತಾಕ್ಷಿ’ಯಾಗಿ ಹೊಸ ನೆಲದಲ್ಲಿ ನೆಟ್ಟರು. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ಕವಿ ಸೊಫೊಕ್ಲಿಸನ ನಾಟಕವೊಂದರ ಹಂದರದಲ್ಲಿ ಮಹಾಭಾರತದ ವೀರನನ್ನು ನಿಲ್ಲಿಸಿ 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದರು. ರನ್ನನ ಕಾವ್ಯವನ್ನು ನಾಟಕಕ್ಕೆ ಅಳವಡಿಸಿ ದುರ್ಯೋಧನನನ್ನು ರುದ್ರನಾಯಕನಾಗಿ ಕಾಣಿಸಿದವರೂ ಅವರೇ. ಛಲದಿಂದ ಮೆರೆದವನು ಆ ಛಲದಿಂದಲೇ ಮುರಿದನು ಎಂಬ ಮಾತನ್ನು ದುರ್ಯೋಧನನ ವಿಷಯದಲ್ಲಿ ಕನ್ನಡಿಗರು ಬ್ರಾಡ್ಲೆಯವರನ್ನು ಓದದೆಯೂ ಬಲ್ಲರು. ಕರ್ಣನ ಪಕ್ಷವನ್ನು ಹಿಡಿದು ಊರ ಕಟ್ಟೆಯ ಮೇಲೆ ವಾದಿಸಿದವರೆಲ್ಲರೂ ಪಾತ್ರವಿಮರ್ಶಕರೇ.

ಹಾಗಾದರೆ ವಿದ್ಯಾರ್ಥಿಯು ವಿಮರ್ಶಕನ ಹತ್ತಿರ ಹೇಗೆ ಹೋಗಬೇಕು? ಮೊದಲು ನಾಟಕ, ಆಮೇಲೆ ವಿಮರ್ಶೆ. ನಾಟಕವನ್ನು ಓದುವಾಗ ತನ್ನಲ್ಲಿ ಹುಟ್ಟಿದ ಪ್ರಶ್ನೆಯನ್ನು, ಅದು ಎಷ್ಟೇ ಸಣ್ಣದಾಗಿರಲಿ, ನಾಚಿಕೆಪಡದೆ ಬರೆದಿಟ್ಟುಕೊಳ್ಳಬೇಕು. ತನಗೆ ತೋಚಿದ ಉತ್ತರಕ್ಕೆ ನಾಟಕದಲ್ಲಿ ಯಾವ ಮಾತು ಆಧಾರ, ಯಾವ ಮಾತು ವಿರೋಧ ಎಂದು ಹುಡುಕಬೇಕು. ವಿರೋಧವಾದ ಮಾತನ್ನು ಮುಚ್ಚಿಡುವವನು ವಿಮರ್ಶಕನಲ್ಲ, ವಕೀಲ. ಇಷ್ಟಾದ ಮೇಲೆ ಬ್ರಾಡ್ಲೆಯಂತಹವರ ಪುಸ್ತಕವನ್ನು ತೆರೆದರೆ ಅದು ಸಿದ್ಧವಾದ ಉತ್ತರಗಳ ಗಂಟಾಗಿ ಕಾಣುವುದಿಲ್ಲ. ಹಿರಿಯ ಓದುಗರೊಬ್ಬರು ಪಕ್ಕದಲ್ಲಿ ಕುಳಿತು, ‘ಇಲ್ಲಿ ನೋಡಿದೆಯಾ?’ ಎಂದು ಬೆರಳಿಟ್ಟು ತೋರಿಸಿದಂತೆ ಆಗುತ್ತದೆ. ಅವರ ಮಾತನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ. ಒಪ್ಪದಿರುವುದಕ್ಕೆ ಕಾರಣವನ್ನು ಕೊಡಬೇಕೆಂಬ ನಿಯಮ ಮಾತ್ರ ಉಂಟು.

ಇದರಿಂದ ದೊರೆಯುವ ಫಲವು ಪರೀಕ್ಷೆಯ ಅಂಕಗಳಿಗಿಂತ ದೊಡ್ಡದು. ಬದುಕಿನಲ್ಲಿ ಮನುಷ್ಯರು ಒಬ್ಬರನ್ನೊಬ್ಬರು ಅಳೆಯುವುದು ಬಹಳ ಆತುರದಿಂದ. ಮಂಕಾಗಿ ಕುಳಿತವನನ್ನು ಸೋಮಾರಿ ಎನ್ನುತ್ತಾರೆ. ಮೋಸಹೋದವನನ್ನು ದಡ್ಡ ಎನ್ನುತ್ತಾರೆ. ಗದರಿದ ಮುದುಕನನ್ನು ಅರಳುಮರುಳು ಎನ್ನುತ್ತಾರೆ. ಒಂದು ಮಾತಿನಲ್ಲಿ ತೀರ್ಪು ಮುಗಿಯುತ್ತದೆ. ಹ್ಯಾಮ್ಲೆಟನ ಮಂಕಿನ ಹಿಂದೆ ಇದ್ದ ನೋವನ್ನು ಕಂಡವನು ಪಕ್ಕದ ಬೆಂಚಿನಲ್ಲಿ ಮಾತಿಲ್ಲದೆ ಕುಳಿತ ಗೆಳೆಯನನ್ನು ಇನ್ನೊಂದು ಸಲ ನೋಡಿಯಾನು. ಲಿಯರನ ಸಿಟ್ಟಿನ ಕೆಳಗಿದ್ದ ಪ್ರೀತಿಯ ಹಸಿವನ್ನು ಅರಿತವನು ಮನೆಯ ಅಜ್ಜನ ಗೊಣಗಾಟಕ್ಕೆ ಕಿವಿಗೊಟ್ಟಾನು. ಅರ್ಥಮಾಡಿಕೊಳ್ಳುವುದೆಂದರೆ ಎಲ್ಲವನ್ನೂ ಕ್ಷಮಿಸುವುದೆಂದಲ್ಲ. ಮ್ಯಾಕ್‌ಬೆತ್‌ನ ಅಂತರಂಗವನ್ನು ಅಷ್ಟು ಸಹಾನುಭೂತಿಯಿಂದ ಬಗೆದು ನೋಡಿದ ಬ್ರಾಡ್ಲೆಯವರು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಲಿಲ್ಲ. ಕೊಲೆಯನ್ನು ಕೊಲೆಯೆಂದೇ ಕರೆದು, ಕೊಂದವನನ್ನು ಮನುಷ್ಯನೆಂದೂ ಕಂಡರು. ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ.

ಬ್ರಾಡ್ಲೆಯವರು 1935ರಲ್ಲಿ ತೀರಿಕೊಂಡರು. ಅವರ ಅನೇಕ ತೀರ್ಮಾನಗಳು ಇಂದು ಹಾಗೆಯೇ ನಿಂತಿಲ್ಲ. ಮುಂದೆ ಬರುವ ವಿಮರ್ಶಕರ ತೀರ್ಮಾನಗಳೂ ಹಾಗೆಯೇ ನಿಲ್ಲುವುದಿಲ್ಲ. ಉತ್ತರಗಳು ಬದಲಾಗುತ್ತ ಹೋಗುತ್ತವೆ. ‘ಅವನು ಹಾಗೇಕೆ ಮಾಡಿದ?’ ಎಂಬ ಪ್ರಶ್ನೆ ಮಾತ್ರ ಪ್ರತಿಯೊಂದು ತಲೆಮಾರಿನ ಮುಂದೆಯೂ ಹೊಸದಾಗಿ ಬಂದು ನಿಲ್ಲುತ್ತದೆ. ಆ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳುವುದನ್ನು ಕಲಿಸಿದ ಗುರುವನ್ನು, ಅವರ ಉತ್ತರವನ್ನು ಒಪ್ಪದ ಶಿಷ್ಯನೂ ಗೌರವದಿಂದ ನೆನೆಯಬೇಕು.